ಕಪ್ಪಿನೊಳಗಿನ ಚಮಚ

ಮೊದಲ ಕಪ್ಪು ಮುಗಿಯುತ್ತಲೇ ಟಮ್ಮೊ ಚಮಚವನ್ನು ಕಪ್ಪಿನೊಳಗೆ ಇಟ್ಟುಬಿಟ್ಟ.

ಟೀಪಾಟ್ ಎತ್ತಿದ್ದ ವೀಬ್ಕೆಯ ಕೈ ಹಾಗೇ ನಿಂತಿತು. ಉತ್ತರದ ಬಂದರು ಊರಾದ ಎಮ್ಡೆನ್ನಿನಲ್ಲಿ ಚಮಚ ಕಪ್ಪಿನೊಳಗೆ ಹೋಯಿತೆಂದರೆ ಇನ್ನು ಸಾಕು ಎಂದರ್ಥ. ಆದರೆ ಮೂರು ಕಪ್ಪು ಆಗದೆ ಯಾರೂ ಅದನ್ನು ಇಡುವುದಿಲ್ಲ.

"ಸಾಕಾ?"

"ಸಾಕು."

ಕಣ್ಣೆತ್ತದೆ ಮೆಟ್ಟಿಲು ಹತ್ತಿ ಹೋದ. ಬಿಸಿ ಟೀ ಬಿದ್ದು ಕಲ್ಲುಸಕ್ಕರೆ ಚಟ್ಟೆಂದಾಗ ಅವಳ ಕಡೆ ವಾರೆಗಣ್ಣಲ್ಲಿ ನೋಡಿ ನಗುತ್ತಿದ್ದವನು ಇವನೇ.

ಹತ್ತು ತಿಂಗಳಿಂದ ಗಂಡಹೆಂಡತಿ ಒಂದೇ ಸೂರಿನಡಿ ಬೇರೆಯಾಗಿದ್ದರು. ವಿಚ್ಛೇದನಕ್ಕೆ ಮೊದಲು ವರ್ಷವಿಡೀ ಊಟ, ಹಾಸಿಗೆ ಬೇರೆಯಿರಬೇಕೆಂದು ಕಾನೂನು. ಅವನು ಮೇಲೆ, ಅವಳು ಕೆಳಗೆ. ಅಡುಗೆ ಬೇರೆ, ಬಟ್ಟೆ ಒಗೆಯುವ ದಿನ ಬೇರೆ. ಸಂಜೆ ಐದರ ಟೀ ಮಾತ್ರ ಹಾಗೇ ಉಳಿದಿತ್ತು. ಅದನ್ನು ನಿಲ್ಲಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಮಾತೇ ಆಡದವನ ಜೊತೆ ಹೇಗೆ ಬಾಳೋದು? ಬೇರೆ ಆಗೋಣ" ಎಂದು ಕೂಗಿದ್ದವಳು ಅವಳೇ. ಅವನು ತಡೆಯುತ್ತಾನೆ ಅಂದುಕೊಂಡಿದ್ದಳು. "ಆಯ್ತು" ಅಂದಿದ್ದ.

ಚಮಚ ಇಟ್ಟ ಮೂರನೆಯ ದಿನ ಅವಳ ವಕೀಲೆ ಫೋನ್ ಮಾಡಿದಳು. "ಕೋರ್ಟು ಕೊಡಿಸಿದ್ದ ತಾತ್ಕಾಲಿಕ ಜೀವನಾಂಶ ಇದೆಯಲ್ಲ, ಅದನ್ನ ಅರ್ಧಕ್ಕೆ ಇಳಿಸಿ ಅಂತ ನಿಮ್ಮ ಗಂಡ ಅರ್ಜಿ ಹಾಕಿದಾರೆ. ಸುಮ್ಮನೆ ಬಿಡಬೇಡಿ."

ಅರ್ಧವಾದರೆ ಬಾಡಿಗೆಯ ತನ್ನ ಪಾಲು ಕಟ್ಟಲಾಗದು, ಲೇರ್‌ನಲ್ಲಿರುವ ತಂಗಿಯ ಮನೆ ಸೇರಬೇಕು. ಮೆಟ್ಟಿಲ ಮೇಲೆ ಆ ಹೆಜ್ಜೆ ಸಪ್ಪಳ ಮತ್ತೆ ಕೇಳುವುದಿಲ್ಲ. ಅಂದರೆ ಸಾಕಾದದ್ದು ಟೀ ಅಲ್ಲ, ತಾನು. ವಿಚಾರಣೆಯ ದಿನದವರೆಗೂ ಪ್ರತಿ ಸಂಜೆ ಒಂದೇ ಕಪ್ಪು, ಕಪ್ಪಿನೊಳಗೆ ಚಮಚ.

ಕೋರ್ಟಿನಲ್ಲಿ ಅವನ ವಕೀಲರು ಕಾಗದ ಮುಂದಿಟ್ಟರು. ಹಡಗುಕಟ್ಟೆಯಲ್ಲಿ ಫೆಬ್ರವರಿ ಎರಡರಿಂದ ಟಮ್ಮೊಗೆ ಅರ್ಧ ಪಾಳಿ, ಅರ್ಧ ಸಂಬಳ.

ಫೆಬ್ರವರಿ ಎರಡು. ಮೊದಲ ಸಲ ಚಮಚ ಇಟ್ಟ ದಿನ.

ವಕೀಲೆ ತೋಳು ಹಿಡಿದರೂ ವೀಬ್ಕೆ ಎದ್ದು ನಿಂತಳು. "ಟಮ್ಮೊ, ಯಾಕೆ ಒಂದೇ ಕಪ್ಪು?"

ಅವನು ತನ್ನ ಒಡೆದ ಅಂಗೈ ನೋಡಿಕೊಂಡ. "ಟೀ ನಿನ್ನ ದುಡ್ಡಿಂದು. ನಿಂಗೆ ಕೊಡೋದನ್ನ ಕಡಿಮೆ ಮಾಡಿ ಅಂತ ಕೇಳೋನು ಯಾವ ಮುಖ ಇಟ್ಕೊಂಡು ಮೂರು ಕಪ್ಪು ಕುಡೀಲಿ?"

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. ದಕ್ಷಿಣದಿಂದ ಹೊಸದಾಗಿ ಬಂದವರು, ಇಲ್ಲಿನ ಟೀ ರೂಢಿ ಅರಿಯದವರು. "ಒಂದು ನಿಮಿಷ. ನೀವಿಬ್ಬರೂ ದಿನಾ ಒಟ್ಟಿಗೆ ಟೀ ಕುಡೀತೀರಾ?"

"ಟೀ ಊಟ ಅಲ್ಲವಲ್ಲ ಮೇಡಂ" ಎಂದ ಟಮ್ಮೊ, ನಿಜವಾಗಿಯೂ ಅರ್ಥವಾಗದೆ.

ಇಬ್ಬರ ವಕೀಲರೂ ಒಟ್ಟಿಗೆ ಕಣ್ಣು ಮುಚ್ಚಿಕೊಂಡರು.

"ಯೋಚಿಸಿ ಹೇಳಿ. ನೀವು ಬೇರೆಯಾಗಿದ್ದೀರೋ, ಇಲ್ಲವೋ? ಇಲ್ಲ ಅಂದರೆ ಏರಿಸೋದು ಇಳಿಸೋದು ಆಮೇಲಿನ ಮಾತು, ಈ ಜೀವನಾಂಶದ ಆದೇಶವೇ ನಿಲ್ಲೋದಿಲ್ಲ."

ಟಮ್ಮೊ ವೀಬ್ಕೆಯ ಕಡೆ ತಿರುಗಿದ. ಅವಳಿಗೆ ಒಂದೇ ಭಯ. ಮತ್ತೆ 'ಆಯ್ತು' ಅಂದುಬಿಟ್ಟರೆ?

"ಬೇರೆ ಆಗೋಣ ಅಂದೋಳು ಅವಳು" ಎಂದ. "ನಾನು ಆಗಲೇ ಇಲ್ಲ. ನನ್ನ ಕೈಲಿ ಆಗಲೂ ಇಲ್ಲ."

"ಇಷ್ಟು ಹೇಳೋಕೆ ಹನ್ನೊಂದು ತಿಂಗಳು ಬೇಕಾಯ್ತಾ ನಿಂಗೆ?" ಅವಳ ದನಿ ಒಡೆಯಿತು.

"ಒಂದು ಸೆಂಟೂ ಸಿಗಲ್ಲ, ಗೊತ್ತಿದೆಯಾ?" ಎಂದು ವಕೀಲೆ ಕಿವಿಯಲ್ಲಿ ಉಸುರಿದಳು.

"ಬಿಡಿ. ನಾನೂ ಬೇರೆ ಆಗಿಲ್ಲ ಅಂತ ಬರಕೊಳ್ಳೋಕೆ ಹೇಳಿ."

ಮನೆಗೆ ಬಂದಾಗ ಐದು ದಾಟಿತ್ತು. ಅರ್ಧ ಸಂಬಳದಲ್ಲಿ ಮುಂದಿನ ತಿಂಗಳು ಹೇಗೆಂದು ಇಬ್ಬರಿಗೂ ತಿಳಿಯದು. ಅವಳು ಟೀ ಸುರಿದಳು. ಕಲ್ಲುಸಕ್ಕರೆ ಚಟ್ಟೆಂದಿತು. ಅವನು ವಾರೆಗಣ್ಣಲ್ಲಿ ನೋಡಿದ.

ಒಂದು ಕಪ್ಪಾಯಿತು. ಅಭ್ಯಾಸಬಲದಿಂದ ಅವನ ಕೈ ತಟ್ಟೆಯಂಚಿನ ಕಡೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಚಮಚ ಎಲ್ಲಿ?"

"ಇವತ್ತು ನಿಂಗೆ ಕೊಟ್ಟಿಲ್ಲ" ಎಂದು ವೀಬ್ಕೆ ಎರಡನೆಯ ಕಪ್ಪು ತುಂಬಿದಳು.