ಕಂಡಕ್ಟರಮ್ಮನ ಜ್ವರ

"ಈ ರಕ್ತ ತೆಗೆದಿದ್ದು ಯಾರು?"

ವಾರ್ಡಿನ ಬಾಗಿಲಲ್ಲಿ ನಿಂತವನ ಕೈಯಲ್ಲಿ ಒಂದು ಚೀಟಿ ಇತ್ತು. ಹದಿನಾರು ಹಾಸಿಗೆಗಳ ವಾರ್ಡು ಒಮ್ಮೆಲೇ ಗಪ್‌ಚುಪ್ಪಾಯಿತು.

"ನಾನೇ. ಯಾಕೆ?" ಎಂದಳು ನರ್ಸು, ಕೈಯಲ್ಲಿದ್ದ ಔಷಧದ ತಟ್ಟೆಯನ್ನು ಕೆಳಗಿಡದೆ.

ಅವನು ಲ್ಯಾಬಿನ ಹೊಸ ಡಾಕ್ಟರ್. ಮೂರು ತಿಂಗಳಿಂದ ಫೋನಿನಲ್ಲಿ ಕೇಳಿ, ಯಾಕೋ ಮತ್ತೆ ಮತ್ತೆ ಕೇಳಬೇಕೆನಿಸುತ್ತಿದ್ದ ಧ್ವನಿ ಇವಳದೇ ಎಂದು ಆಗಲೇ ಅವನಿಗೆ ಗೊತ್ತಾದದ್ದು.

"ಬಾಟಲಿಯಲ್ಲಿ ಬೆಳೆದಿರೋದು ಚರ್ಮದ ಮೇಲಿನ ಬ್ಯಾಕ್ಟೀರಿಯಾ, ಸಿಸ್ಟರ್. ಎಲ್ಲರ ಮೈಮೇಲೂ ಇರುತ್ತೆ, ಪಾಪದ್ದು, ಏನೂ ಮಾಡಲ್ಲ. ಸರಿಯಾಗಿ ಒರೆಸದೆ ಸೂಜಿ ಚುಚ್ಚಿದ್ರೆ ರಕ್ತದ ಜೊತೆ ಬಂದ್ಬಿಡುತ್ತೆ. ಮಾದರಿ ಕೆಟ್ಟಿದೆ ಅಂತ ಬರೆದಿದ್ದೀನಿ."

"ಅಂದ್ರೆ... ನನಗೆ ಕೆಲಸ ಬರಲ್ಲ ಅಂತಾನಾ?"

"ನಾನು ಹಾಗೆ ಹೇಳ್ಲಿಲ್ಲ..."

"ಇಷ್ಟು ಜನರ ಮುಂದೆ ಇನ್ನು ಹೇಗೆ ಹೇಳ್ಬೇಕು ಸಾರ್?!"

ನಾಲ್ಕನೇ ಹಾಸಿಗೆಯಿಂದ ಸೋತ ದನಿಯೊಂದು ಎದ್ದಿತು. "ಏನ್ರಪ್ಪಾ, ನಿಮ್ಮಿಬ್ಬರ ಜಗಳಕ್ಕೆ ನನ್ನ ರಕ್ತಾನೇ ಬೇಕಿತ್ತಾ?"

ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದ ಆಕೆಯನ್ನು ವಾರ್ಡಿನಲ್ಲಿ ಎಲ್ಲರೂ ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಕರುಳಿನ ಆಪರೇಷನ್ ಆಗಿ ಎರಡು ವಾರವಾಗಿತ್ತು. ಬಾಯಿಗೆ ಹನಿ ನೀರೂ ಇಲ್ಲ. ಕುತ್ತಿಗೆಯ ನರಕ್ಕೆ ಹಾಕಿದ ಸಣ್ಣ ನಳಿಕೆಯಿಂದಲೇ ಊಟ. ಆ ನಳಿಕೆಗೆ ವಾರ್ಡಿನವರ ಭಾಷೆಯಲ್ಲಿ 'ಲೈನು'. ಈಗ ಮೂರು ದಿನದಿಂದ ಬಿಟ್ಟೂಬಿಡದ ಜ್ವರ.

ಡಾಕ್ಟರ್ ಹೋದ. ನರ್ಸಿನ ಸಿಟ್ಟು ಹೋಗಲಿಲ್ಲ. ಸಿಟ್ಟಿನ ಕೆಳಗೆ ಇನ್ನೊಂದು ಇತ್ತು... ಅದು ಭಯ.

'ಮದ್ದು ಒರೆಸಿದ ಮೇಲೆ ಚರ್ಮ ಒಣಗೋವರೆಗೂ ಕಾದಿದ್ದೆನಾ? ಅವತ್ತು ಏಳನೇ ಹಾಸಿಗೆಯವರು ಕೂಗ್ತಿದ್ರು... ಅವಸರದಲ್ಲಿ ಚುಚ್ಚಿಬಿಟ್ಟೆನಾ?'

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕುಳಿತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಇಡೀ ಮಧ್ಯಾಹ್ನ ನಾಲ್ಕನೇ ಹಾಸಿಗೆಯ ಸುತ್ತಲೇ ಸುಳಿದಾಡಿದಳು.

ಕಂಡಕ್ಟರಮ್ಮ ಆಗ ನಡುಗತೊಡಗಿದಳು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ನರ್ಸು ಗಡಿಯಾರ ನೋಡಿದಳು, ಹಿಂದಿನ ದಿನಗಳ ಹಾಳೆ ತಿರುವಿದಳು.

ನೇರ ಲ್ಯಾಬಿಗೆ ಫೋನ್ ಮಾಡಿದಳು.

"ಸಾರ್, ಜಗಳಕ್ಕೆ ಮಾಡಿಲ್ಲ. ಲೈನಿಗೆ ಊಟ ಹಾಕಿದ ಅರ್ಧ ಗಂಟೆಗೆ ಸರಿಯಾಗಿ ನಡುಕ ಬರ್ತಿದೆ. ಮೂರು ದಿನವೂ ಹಾಗೇ. ಆ ಪಾಪದ ಬ್ಯಾಕ್ಟೀರಿಯಾ ಲೈನ್ ಒಳಗೇ ಇದ್ರೆ?"

ಆ ಕಡೆಯಿಂದ ತಕ್ಷಣ ಉತ್ತರ, "ಐದು ನಿಮಿಷ. ನಾನೇ ಬರ್ತೀನಿ."

ಈ ಸಲ ಎರಡು ಕಡೆಯಿಂದ ರಕ್ತ ತೆಗೆಯಬೇಕಿತ್ತು, ಲೈನಿನಿಂದ ಒಂದು, ತೋಳಿನಿಂದ ಒಂದು. ಅವಳು ಕೈ ತೊಳೆದು, ಗ್ಲೌಸ್ ಹಾಕಿ, ತೋಳಿನ ಚರ್ಮಕ್ಕೆ ಮದ್ದು ಉಜ್ಜಿ ಕಾದಳು. ಅವನೂ ಕಾದ. ಮೂವತ್ತು ಸೆಕೆಂಡು. ಅವನ ತುಟಿ ಸದ್ದಿಲ್ಲದೆ ಎಣಿಸುತ್ತಿದ್ದುದನ್ನು ಅವಳು ಕಂಡಳು. ಪರೀಕ್ಷೆ ಮಾಡೋಕೆ ಬಂದವನಂತೆ ಅಲ್ಲ... ಜೊತೆಗೆ ನಿಂತವನಂತೆ.

'ಇದೇನು, ನನ್ನ ಕೈ ಯಾಕೆ ಬೆಚ್ಚಗಾಗ್ತಿದೆ?'

ಮರುದಿನ ಮಧ್ಯಾಹ್ನದವರೆಗೂ ಫೋನ್ ಕಿರ್ರೆಂದಾಗಲೆಲ್ಲ ಅವಳೇ ಓಡಿ ಎತ್ತುತ್ತಿದ್ದಳು. ಕೊನೆಗೂ ಅವನ ಧ್ವನಿ!

"ಎರಡರಲ್ಲೂ ಅದೇ ಬೆಳೆದಿದೆ. ಲೈನಿಂದ ತೆಗೆದಿದ್ರಲ್ಲಿ ಮೂರು ಗಂಟೆ ಮೊದಲೇ. ಅಲ್ಲೇ ಗೂಡು ಕಟ್ಟಿದೆ ಸಿಸ್ಟರ್. ಸರ್ಜನ್‌ಗೆ ಹೇಳಿದ್ದೀನಿ, ಈಗಲೇ ಲೈನ್ ತೆಗೀತಾರೆ. ನೀವು ಹೇಳಿದ್ದೇ ಸರಿ."

ಲೈನು ತೆಗೆದರು. ಔಷಧ ಶುರುವಾಯಿತು. ಆದರೆ ಅಂದು ಸಂಜೆ ಕಂಡಕ್ಟರಮ್ಮನ ರಕ್ತದೊತ್ತಡ ಕುಸಿದು, ಮಾತೂ ನಿಂತಿತು. ಒಂದು ದಿನ ಪೂರ್ತಿ ಯಾರಿಗೂ ಧೈರ್ಯವಿರಲಿಲ್ಲ. ಅವನು ಎರಡು ಗಂಟೆಗೊಮ್ಮೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ನರ್ಸು ಇನ್ನೂ ಚೇತರಿಕೆ ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ಮೂರನೇ ಬೆಳಗ್ಗೆ ಜ್ವರ ಇಳಿಯಿತು. ಕಣ್ಣು ಬಿಟ್ಟ ಕಂಡಕ್ಟರಮ್ಮ ಇಬ್ಬರನ್ನೂ ನೋಡಿ, "ಇನ್ನೂ ಜಗಳ ಮುಗಿದಿಲ್ವಾ?" ಎಂದಳು. ಇಬ್ಬರೂ ನಕ್ಕರು. ನರ್ಸು ನಗುತ್ತಲೇ ಕಣ್ಣೊರೆಸಿಕೊಂಡಳು.

ಆ ನಗು ಒಂದು ವಾರವೂ ಉಳಿಯಲಿಲ್ಲ.

"ಲ್ಯಾಬಿಂದ ನಿನ್ನ ಹೆಸರಲ್ಲಿ ಕಾಗದ ಬಂದಿದೆ ಕಣಮ್ಮ. ಮೀಟಿಂಗಿಗೆ ಹೊರಟಿದ್ದೀನಿ, ಡ್ಯೂಟಿ ಮುಗಿಸಿ ಬಾ," ಎಂದು ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಹೇಳಿ ಹೋದರು.

ಅವಳ ಮುಖ ಕಪ್ಪಿಟ್ಟಿತು. ದೂರು! ಲೈನ್ ಕೆಟ್ಟಿದ್ದಕ್ಕೆ ಯಾರದಾದರೂ ತಲೆ ಬೇಕಲ್ಲ... ಎದುರಿಗೆ ನಕ್ಕು, ಹಿಂದಿನಿಂದ ಬರೆದುಬಿಟ್ಟನೇ?

ಮಧ್ಯಾಹ್ನ ಅವನು ಬಂದಾಗ ಬಾಗಿಲಿಗೇ ಅಡ್ಡ ನಿಂತಳು.

"ಇನ್ನು ಈ ವಾರ್ಡಿಗೆ ಬರಬೇಡಿ ಸಾರ್. ಹೇಳೋದಿದ್ರೆ ಕಾಗದದಲ್ಲೇ ಬರೀರಿ. ಚೆನ್ನಾಗಿ ಬರುತ್ತಲ್ಲ ನಿಮಗೆ!"

ಅವನು ಏನೋ ಹೇಳಲು ಹೊರಟ. ಅವಳ ಕಣ್ಣು ನೋಡಿ ತಿರುಗಿ ಹೋದ.

ಸಂಜೆ ಮೇಟ್ರನ್ ಆ ಕಾಗದವನ್ನು ಅವಳ ಮುಂದೆ ಹಿಡಿದರು.

'ಮಾದರಿ ಕೆಟ್ಟಿದೆ ಎಂದು ನಾನು ಮೊದಲು ಬರೆದ ಷರಾ ತಪ್ಪು. ವಿಚಾರಿಸದೆ ಆ ನರ್ಸಿನ ಮೇಲೆ ಹೊರಿಸಿದೆ. ಅವರು ಗಮನಿಸಿ ಫೋನ್ ಮಾಡದಿದ್ದರೆ ರೋಗಿ ಬದುಕುತ್ತಿರಲಿಲ್ಲ. ಇದು ಅವರ ಫೈಲಿನಲ್ಲಿರಲಿ.'

ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಅವನು ಕೆಲಸ ಮುಗಿಸಿ, ಲ್ಯಾಬಿನ ಪಕ್ಕದ ತನ್ನ ಕೋಣೆಯಲ್ಲಿ ಬ್ಯಾಗ್ ತುಂಬುತ್ತಿದ್ದ.

"ನೀವು ಬಂದ ತಕ್ಷಣ ಬೈದೆ... ಒಂದು ಮಾತು ಹೇಳ್ಬಾರದಿತ್ತಾ?"

"ನೀವು ಬಿಟ್ರೆ ತಾನೇ!"

"ನಿಜ ಹೇಳ್ಲಾ? ಮೊದಲನೇ ಸಲ ಒಣಗೋಕೆ ಬಿಟ್ಟೆನಾ ಇಲ್ವಾ, ನನಗೆ ಇವತ್ತಿಗೂ ನೆನಪಿಲ್ಲ. ಆ ಲೈನನ್ನ ನಾನೇ ಎಷ್ಟು ಸಲ ಮುಟ್ಟಿದ್ದೀನೋ..."

"ನೀವು, ಸರ್ಜನ್, ಇನ್ನೂ ಹತ್ತು ಜನ ಮುಟ್ಟಿದ್ದಾರೆ. ಯಾರ ಕೈಯಿಂದ ಹೋಯ್ತು ಅಂತ ಯಾವ ಲ್ಯಾಬೂ ಹೇಳಲ್ಲ. ಆದ್ರೆ ನಿಮಗೇ ಅನುಮಾನ ಇದ್ದೂ ಫೋನ್ ಮಾಡಿದ್ರಲ್ಲ... ನಾನು ಅಲ್ಲೇ ಬಿದ್ದುಹೋದೆ."

ಅವನು ಬ್ಯಾಗನ್ನು ಬದಿಗಿಟ್ಟ.

"ಕಂಡಕ್ಟರಮ್ಮ ನಾಳೆ ಮನೆಗೆ ಹೋಗ್ತಾರಂತೆ. ಇನ್ಮೇಲೆ ಯಾವ ನೆಪ ಹೇಳಿ ನಿಮ್ಮನ್ನ ನೋಡೋಕೆ ಬರಲಿ ಅಂತ ತಲೆ ಕೆಡಿಸ್ಕೊಂಡಿದ್ದೀನಿ, ಸಿಸ್ಟರ್. ನೀವಂದ್ರೆ ನನಗೆ ಪ್ರೀತಿ."

"ಸಿಸ್ಟರ್ ಅಂತ ಕರೆದು ಪ್ರೀತಿ ಹೇಳೋರನ್ನ ಇವತ್ತೇ ನೋಡಿದ್ದು!"

ಅವನು ನಾಚಿ ಕೆಂಪಾದ. ಅವಳ ನಗುವಿನಲ್ಲಿ ಅಳುವೂ ಬೆರೆತಿತ್ತು. "ನೆಪ ಯಾಕೆ? ಸುಮ್ಮನೆ ಬನ್ನಿ. ನಾನೂ... ದಾರಿ ನೋಡ್ತಿರ್ತೀನಿ."

ಅವನು ಅಳುಕುತ್ತಾ ಕೈ ಚಾಚಿದ.

"ಈಗ ತಾನೇ ತೊಳ್ಕೊಂಡಿದ್ದೀನಿ..."

"ನಾನು ಕೇಳ್ಲಿಲ್ವಲ್ಲ," ಎಂದಳು ಅವಳು, ಆ ಕೈಯನ್ನು ಎರಡೂ ಕೈಗಳಿಂದ ಹಿಡಿದು.