ಬ್ರೆಡ್ ವ್ಯಾನಿಗೊಂದು ಸಬ್‌ವೂಫರ್

"ವೈರಿ! ಬಾ ಇಲ್ಲಿ, ನಿನ್ನ ಗಿರಾಕಿ ಬಂದಿದ್ದಾರೆ!"

ಕಾರ್ ಸ್ಟೀರಿಯೋ ಅಂಗಡಿಯ ಮುಂಭಾಗದಿಂದ ಅಣ್ಣ ಹೀಗೆ ಕೂಗಿದ್ದೇ ತಡ, ಕೌಂಟರಿನ ಮುಂದೆ ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದವನು ಒಂದು ಹೆಜ್ಜೆ ಹಿಂದೆ ಸರಿದ.

ಹಿಂದಿನ ಶೆಡ್ಡಿನಿಂದ ತಂಗಿ ಕೈ ಒರೆಸಿಕೊಳ್ಳುತ್ತ ಬಂದಳು. ಹೆಗಲ ಮೇಲೆ ಕೆಂಪು ವೈರಿನ ಸುರುಳಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್.

"ಹೆದರಬೇಡಿ. ಚಿಕ್ಕಂದಿನಲ್ಲಿ ಯಾವ ವೈರ್ ಕಂಡರೂ ಕಿತ್ತು ನೋಡ್ತಿದ್ದೆ, ಅದಕ್ಕೆ ಅಣ್ಣ ಇಟ್ಟ ಹೆಸರು. ಗಿರಾಕಿಗಳ ಮೇಲೆ ಹಗೆ ಏನಿಲ್ಲ."

ಅವನು ನಕ್ಕ. ಕೂದಲಲ್ಲಿ ಹಿಟ್ಟಿನ ಪುಡಿ, ಎಡಹುಬ್ಬಿನ ಮೇಲೂ ಒಂದಿಷ್ಟು. ಹೊರಗೆ ನಿಂತಿದ್ದ ಬೇಕರಿ ವ್ಯಾನು ಅವನದೇ ಇರಬೇಕು. ಪೆಟ್ಟಿಗೆಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳು ಮಿನುಗುತ್ತಿದ್ದವು: ಕಾರ್ ಆಂಪ್ಲಿಫೈಯರ್, ಮೂರು ಸಾವಿರ ವ್ಯಾಟ್.

ಅವಳಿಗೆ ಅಷ್ಟು ಸಾಕಾಯಿತು. ಇಂಥವರನ್ನು ಅವಳು ಬೇಕಾದಷ್ಟು ನೋಡಿದ್ದಳು.

"ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರ ಎದೆ ನಡುಗಿಸಬೇಕು, ಅಲ್ವಾ?"

"ಎದೆ ನಡುಗಿಸಬೇಕು, ನಿಜ. ಆದ್ರೆ ಒಬ್ಬರದ್ದು ಮಾತ್ರ."

"ಯಾರದ್ದು? ಹುಡುಗೀದಾ?"

"ಅಪ್ಪಂದು."

ಅವಳ ನಗು ಅಲ್ಲೇ ನಿಂತಿತು.

ಅವನು ಅವಸರವಿಲ್ಲದೆ ಹೇಳಿದ. ಅಪ್ಪ ಮೂವತ್ತು ವರ್ಷ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸಿದವರು. ಈಗ ಎರಡೂ ಕಿವಿ ಪೂರ್ತಿ ಹೋಗಿವೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ಬ್ರೆಡ್ ಹಂಚುವಾಗ ವ್ಯಾನಿನಲ್ಲಿ ಪಕ್ಕದ ಸೀಟಿನಲ್ಲಿ ಬಂದು ಕೂರುತ್ತಾರೆ. ಒಂದು ದಿನ ದೊಡ್ಡ ಲಾರಿಯೊಂದು ಪಕ್ಕದಲ್ಲೇ ಗುಡುಗುತ್ತ ಹೋದಾಗ ಅಪ್ಪನ ಬೆರಳುಗಳು ತಾವಾಗಿಯೇ ಮೊಣಕಾಲಿನ ಮೇಲೆ ತಾಳ ಹಾಕಿದ್ದನ್ನು ಅವನು ನೋಡಿದ್ದ.

"ಕಿವಿಗೆ ಬರದೇ ಇದ್ರೂ ಮೈಗೆ ಬರುತ್ತೆ ಅನ್ನಿಸ್ತು. ಅದಕ್ಕೆ ಜಾಹೀರಾತು ನೋಡಿ ಇದನ್ನ ತರಿಸಿದೆ. ಇನ್ನು ಸ್ಪೀಕರ್‌ಗೆ ಅಂತ ಉಳಿದಿರೋದು ಇಷ್ಟೇ." ಒಂದು ಚೀಟಿಯನ್ನು ಮುಂದೆ ತಳ್ಳಿದ.

ಅವಳು ಚೀಟಿ ನೋಡಲಿಲ್ಲ. ಆಂಪ್ಲಿಫೈಯರನ್ನು ಹೊರತೆಗೆದು ಹಿಂಭಾಗ ತಿರುಗಿಸಿ, ಉಗುರಿನಿಂದ ಪುಟ್ಟ ಫ್ಯೂಸನ್ನು ಮುಟ್ಟಿ ತೋರಿಸಿದಳು.

"ಇಲ್ಲಿ ನೋಡಿ. ಇಪ್ಪತ್ತು ಆಂಪಿಯರ್. ನಿಮ್ಮ ಬ್ಯಾಟರಿ ಹನ್ನೆರಡು ವೋಲ್ಟ್. ಒಳಗೆ ಹೋಗೋದೇ ಇನ್ನೂರ ನಲವತ್ತು ವ್ಯಾಟ್, ಹೊರಗೆ ಮೂರು ಸಾವಿರ ಎಲ್ಲಿಂದ ಬರುತ್ತೆ? ಪೆಟ್ಟಿಗೆ ಮೇಲೆ ಯಾರು ಏನು ಬೇಕಾದ್ರೂ ಬರೀಬಹುದು. ಫ್ಯೂಸ್ ಸುಳ್ಳು ಹೇಳಲ್ಲ."

ಅವನ ಮುಖ ಉಬ್ಬದ ಬನ್ನಿನಂತಾಯಿತು.

"ಮುಖ ಸಪ್ಪೆ ಮಾಡ್ಕೋಬೇಡಿ. ವಾಪಸ್ ಕಳಿಸೋಕೆ ಇನ್ನೂ ಟೈಮ್ ಇದೆ ತಾನೇ? ಕಳಿಸಿ. ನಿಮ್ಮ ದುಡ್ಡಿನಲ್ಲೇ ಆಗುತ್ತೆ, ನಾನು ಮಾಡಿಕೊಡ್ತೀನಿ."

"ಅಷ್ಟು ಗ್ಯಾರಂಟಿಯಾಗಿ ಹೇಳ್ತೀರಲ್ಲ?"

"ಬರದ ಕೆಲಸದ ಬಗ್ಗೆ ನಾನು ಬಾಯಿ ಬಿಡಲ್ಲ."

ಅವನು ಅವಳನ್ನೇ ನೋಡಿದ, ಸ್ವಲ್ಪ ಜಾಸ್ತಿಯೇ ಹೊತ್ತು. ಅವಳು ಕಿವಿಯ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡಳು.

*

ಮರುದಿನದಿಂದ ಅವನು ಬ್ರೆಡ್ ಹಂಚಿ ಮುಗಿಸಿ ನೇರ ಶೆಡ್ಡಿಗೆ ಬರತೊಡಗಿದ. ಕೈಯಲ್ಲಿ ಯಾವಾಗಲೂ ಒಂದು ಕಾಗದದ ಪೊಟ್ಟಣ, ಒಳಗೆ ಬಿಸಿ ಬನ್ನು. ಮೊದಲ ದಿನ ಎರಡು ತಂದ. ಮೂರನೆಯ ದಿನದ ಹೊತ್ತಿಗೆ ಅಣ್ಣನಿಗೆಂದು ಬೇರೆ ಪೊಟ್ಟಣವೇ ಬರುತ್ತಿತ್ತು.

"ಅವನು ಜಾಣ. ನನ್ನ ಬಾಯಿಗೆ ಬನ್ನು ತುರುಕಿ ಸುಮ್ಮನಾಗಿಸಿದಾನೆ," ಎಂದು ಅಣ್ಣ ತಂಗಿಯ ಕಿವಿಯಲ್ಲಿ ಹೇಳಿದ.

"ನೀನು ಕೌಂಟರ್ ನೋಡ್ಕೋ ಹೋಗೋ!"

ಅವಳು ಮೊದಲು ತಳದ ಗುಡುಗಿಗೆಂದೇ ಇರುವ ಸಬ್‌ವೂಫರ್ ಸ್ಪೀಕರ್ ಆರಿಸಿದಳು: ಹತ್ತಿಂಚಿನದು, ಸರಳವಾದದ್ದು, ಹಗಲೆಲ್ಲ ಬಾರಿಸಿದರೂ ಇನ್ನೂರೈವತ್ತು ವ್ಯಾಟ್ ತಾಳುವಂಥದ್ದು. ಅದಕ್ಕೆ ಸರಿಯಾಗಿ ಅಷ್ಟೇ ವ್ಯಾಟ್ ನಿಜವಾಗಿಯೂ ಕೊಡುವ ಹಳೆಯ ಆಂಪ್ಲಿಫೈಯರೊಂದನ್ನು ತನ್ನ ಕಪಾಟಿನಿಂದ ತೆಗೆದಳು. ಮೈಮೇಲೆ ಗೀರುಗಳಿದ್ದವು, ಮೀಟರಿಟ್ಟು ನೋಡಿದರೆ ಗಟ್ಟಿ ಕುಳ.

"ಇನ್ನೂ ದೊಡ್ಡ ಆಂಪ್ ಹಾಕಿದ್ರೆ?" ಎಂದು ಅವನು ಕೇಳಿದ.

"ಸ್ಪೀಕರ್ ಸುಟ್ಟುಹೋಗುತ್ತೆ."

"ಚಿಕ್ಕದು?"

"ಶಕ್ತಿ ಮೀರಿ ಕಿರುಚಿ ತಾನೂ ಕೆಡುತ್ತೆ, ಸ್ಪೀಕರನ್ನೂ ಕೆಡಿಸುತ್ತೆ. ಎರಡೂ ಒಂದನ್ನೊಂದು ತಾಳಿಕೊಳ್ಳೋ ಹಾಗಿರಬೇಕು. ಆಗ ಕಡಿಮೆ ದುಡ್ಡಿನ ಜೋಡಿನೂ ವರ್ಷಗಟ್ಟಲೆ ಬಾಳುತ್ತೆ."

"ನೀವು ಸ್ಪೀಕರ್ ವಿಷಯಾನೇ ಹೇಳ್ತಿದೀರಾ?"

"ಹಲಗೆ ಸರಿಯಾಗಿ ಹಿಡ್ಕೊಳ್ಳಿ," ಎಂದು ಅವಳು ಸ್ಪೀಕರ್ ಪೆಟ್ಟಿಗೆಗೆ ಮರ ಕೊಯ್ಯಲು ಗರಗಸ ಎತ್ತಿಕೊಂಡಳು. ಕೆನ್ನೆ ಬೆಚ್ಚಗಾದದ್ದು ಅವಳಿಗೇ ಗೊತ್ತಾಯಿತು. ಹಿಟ್ಟು ನಾದಿ ನಾದಿ ಗಟ್ಟಿಯಾಗಿದ್ದ ಅವನ ಮುಂಗೈ ಹಲಗೆಯನ್ನು ಒಂದಿಷ್ಟೂ ಅಲುಗಾಡದಂತೆ ಹಿಡಿದಿತ್ತು. ಗೆರೆಯ ಮೇಲೆ ಕಣ್ಣಿಡಬೇಕಾದವಳು ಎರಡು ಸಲ ಆ ಕೈಯ ಮೇಲೆ ಕಣ್ಣಿಟ್ಟಳು. ಗೆರೆ ಮಾತ್ರ ತಪ್ಪಲಿಲ್ಲ. ಕೆಲಸದಲ್ಲಿ ಅವಳು ಅವಳೇ.

*

ನಾಲ್ಕನೆಯ ದಿನ ಅವನ ಅಪ್ಪ ಬಂದರು. ಅಗಲ ಹೆಗಲು, ಬಿಗಿದ ತುಟಿ. ಮಗ ಅವರ ಮುಖದ ಎದುರು ನಿಂತು, "ಅಪ್ಪಾ, ಕೂತ್ಕೊಳ್ಳಿ," ಎಂದ. ಅವರು ವ್ಯಾನಿನೊಳಗೆ ತಮ್ಮ ಸೀಟಿನಲ್ಲಿ ಕೂತರು. ಅವಳು ಹಾಡು ಹಾಕಿದಳು. ಶೆಡ್ಡಿನ ತಗಡು ಸಣ್ಣಗೆ ಕಂಪಿಸಿತು, ಮೇಜಿನ ಮೇಲಿನ ಸ್ಕ್ರೂಗಳು ಕುಣಿದವು.

ಅಪ್ಪನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಹಾಡು ಮುಗಿಯುವ ಮುಂಚೆಯೇ ಇಳಿದರು.

"ಏನೂ ಇಲ್ಲ," ಎಂದರು, ಕಿವುಡರ ಎತ್ತರದ ದನಿಯಲ್ಲಿ. "ನನಗೋಸ್ಕರ ದುಡ್ಡು ಹಾಳು ಮಾಡಬೇಡ ಕಣೋ." ಹೊರಗೆ ಹೋಗಿ ಗೋಡೆಗೆ ಒರಗಿ ನಿಂತರು.

ಮಗ ತಲೆ ತಗ್ಗಿಸಿದ. "ಬಿಡಿ ಮೇಡಂ. ನಿಮ್ಮ ತಪ್ಪಲ್ಲ. ನಾನೇ ಆಸೆಬುರುಕ."

"ಬಿಡೋದಾ?" ಅವಳ ದನಿಗೆ ಅವನು ಬೆಚ್ಚಿದ. "ನಾನು ಕೈ ಹಾಕಿದ ಮೇಲೆ ಬಿಡೋ ಮಾತೇ ಇಲ್ಲ. ನಾಳೆ ಇದೇ ಹೊತ್ತಿಗೆ ಕರ್ಕೊಂಡು ಬನ್ನಿ. ವ್ಯಾನ್ ಇಲ್ಲೇ ಇರಲಿ."

"ನಾಳೆ ಬ್ರೆಡ್ಡು?"

"ನಮ್ಮ ಕಾರ್ ತಗೊಂಡು ಹೋಗಿ. ಅಣ್ಣಾ, ಕೀ ಕೊಡು!"

ಅಣ್ಣ ಬನ್ನು ಅಗಿಯುತ್ತಲೇ ಕೀ ಎಸೆದ.

ಎಲ್ಲರೂ ಹೋದ ಮೇಲೆ ಅವಳು ಮರ ಕೊಯ್ಯುವಾಗ ಹಾಕುವ ಸ್ಪಂಜಿನ ಬಿರಡೆಗಳನ್ನು ಕಿವಿಗೆ ತುರುಕಿಕೊಂಡು, ಅದರ ಮೇಲೆ ದಪ್ಪ ಇಯರ್‌ಮಫ್ ಏರಿಸಿಕೊಂಡು, ಅಪ್ಪನ ಸೀಟಿನಲ್ಲಿ ಕೂತಳು. ಹಾಡು ಹಾಕಿ ಕಣ್ಣು ಮುಚ್ಚಿದಳು. ನಿಜ, ಏನೂ ಇಲ್ಲ. ಸ್ಪೀಕರ್ ಪೆಟ್ಟಿಗೆ ಇದ್ದದ್ದು ವ್ಯಾನಿನ ಹಿಂದೆ, ಬ್ರೆಡ್ ಟ್ರೇಗಳ ನಡುವೆ, ರಬ್ಬರ್ ಹಾಸಿನ ಮೇಲೆ; ಕಂಪನವನ್ನೆಲ್ಲ ಆ ರಬ್ಬರೇ ನುಂಗುತ್ತಿತ್ತು. ತಾನು ಇಷ್ಟು ದಿನ ಕಿವಿ ಇದ್ದವರಿಗೆ ಕೂರಿಸಿದಂತೆಯೇ ಇಲ್ಲೂ ಕೂರಿಸಿದ್ದಳು. ತನ್ನ ಮೇಲೆ ತಾನೇ ಸಿಟ್ಟಾದಳು, ಆಮೇಲೆ ಸ್ಪ್ಯಾನರ್ ಎತ್ತಿಕೊಂಡಳು.

ಪೆಟ್ಟಿಗೆಯನ್ನು ಸೀಟಿನ ಬೆನ್ನಿಗೆ ತಂದಳು. ರಬ್ಬರ್ ಕಿತ್ತು, ಸೀಟಿನ ಕಬ್ಬಿಣದ ಚೌಕಟ್ಟಿಗೇ ನಾಲ್ಕು ಬೋಲ್ಟು ಬಿಗಿದಳು. ಮೇಲಿನ ಸ್ವರಗಳನ್ನೆಲ್ಲ ಕತ್ತರಿಸಿ ತಳದ ಗುಡುಗನ್ನಷ್ಟೇ ಆಂಪಿಗೆ ಬಿಟ್ಟಳು. ಮತ್ತೆ ಕಿವಿ ಮುಚ್ಚಿ ಕೂತಾಗ ಬೆನ್ನುಹುರಿಯಲ್ಲಿ ಯಾರೋ ಹೆಜ್ಜೆ ಹಾಕಿಕೊಂಡು ಹತ್ತಿ ಬಂದಂತಾಯಿತು. ಒಬ್ಬಳೇ ಜೋರಾಗಿ ನಕ್ಕಳು.

ಮರುದಿನ ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಕೂತರು. ಹಾಡು ಶುರುವಾಯಿತು. ಡ್ರಮ್ಮಿನ ಮೊದಲ ಏಟಿಗೆ ಅವರ ಹುಬ್ಬು ಏರಿತು. ಎರಡನೆಯದಕ್ಕೆ ಬೆನ್ನನ್ನು ಸೀಟಿಗೆ ಒತ್ತಿಕೊಂಡರು. ಬಲಗೈ ಮೊಣಕಾಲಿಗೆ ಬಂತು, ತಾಳ ಹಿಡಿಯಿತು. ಮಗ ಆ ಬೆರಳುಗಳನ್ನೇ ನೋಡುತ್ತಿದ್ದ. ಅವಳು ಅವನನ್ನು ನೋಡುತ್ತಿದ್ದಳು.

ಹಾಡು ಮುಗಿದಾಗ ಅಪ್ಪ ತಲೆ ಅಲ್ಲಾಡಿಸಿದರು.

"ಈ ಡ್ರಮ್ಮಿನವನು ಓಡ್ತಾ ಇದಾನೆ. ತಾಳಕ್ಕೆ ಕಾಯೋ ತಾಳ್ಮೆ ಇಲ್ಲ," ಎಂದರು. ಕಣ್ಣು ತುಂಬಿ ಬಂದಿತ್ತು. "ಇನ್ನೊಂದ್ಸಲ ಹಾಕಮ್ಮ."

*

ಆಮೇಲಿನ ವಾರ ವ್ಯಾನು ಮೂರು ಸಲ ಶೆಡ್ಡಿಗೆ ಬಂತು. ಎಡಗಡೆ ಏನೋ ಸದ್ದಂತೆ.

ಮೂರನೆಯ ಸಲ ಬ್ರೆಡ್ ಹಂಚುವ ಮುಂಚೆಯೇ ಬಂತು; ಆಗಲೂ ಅವಳು ಪ್ರತಿ ಬೋಲ್ಟನ್ನೂ ತಿರುಗಿಸಿ ನೋಡಿದಳು. ಅಪ್ಪ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು.

"ಸದ್ದು ಎಲ್ಲಿದೆ, ತೋರಿಸಿ."

"ಇಲ್ಲಿಗೆ ಬಂದ ತಕ್ಷಣ ನಿಂತುಹೋಗುತ್ತೆ ಮೇಡಂ. ವಾಪಸ್ ಹೋಗೋವಾಗ ಮತ್ತೆ ಶುರು."

ಅವಳು ಸ್ಪ್ಯಾನರ್ ಕೆಳಗಿಟ್ಟಳು. "ನೋಡಿ, ನಾನು ಊಹೆ ಮಾಡೋಳಲ್ಲ. ನೀವು ಬಂದ ದಿನ ಅಣ್ಣ ನನ್ನ ಮುಖ ನೋಡಿ ನಗ್ತಾನೆ, ಬಾರದ ದಿನ ನಾನು ಅವನ ಮೇಲೆ ರೇಗ್ತೀನಿ. ಇದಕ್ಕೆ ಮೀಟರ್ ಬೇಕಾಗಿಲ್ಲ. ನಂಗೆ ನೀವಂದ್ರೆ ಇಷ್ಟ. ನಿಮಗೂ ಹಾಗೇ ಇದ್ರೆ ಹೇಳಿ. ಇಲ್ಲಾಂದ್ರೆ ವ್ಯಾನಿಗೆ ಏನೂ ಆಗಿಲ್ಲ, ಹೊರಡಿ."

ಅವನು ತೊದಲಿದ. "ನನಗೂ... ಅಂದ್ರೆ, ಅದೇ..."

"ಹೇಳೋ ಪೂರ್ತಿ!" ಎಂದು ಸೀಟಿನಿಂದ ದೊಡ್ಡ ದನಿ ಬಂತು. ಇಬ್ಬರೂ ಬೆಚ್ಚಿ ತಿರುಗಿದರು. ಅಪ್ಪ ಯಾವಾಗಲೋ ಕಿಟಕಿಯಿಂದ ಇವರತ್ತ ತಿರುಗಿದ್ದರು. "ನಾಲ್ಕು ದಿನದಿಂದ ಕನ್ನಡಿ ಮುಂದೆ ನಿಂತು ಹೇಳ್ಕೋತಿದ್ದೀಯ, ನಿನ್ನ ತುಟಿ ನೋಡಿ ನೋಡಿ ನಂಗೇ ಬಾಯಿಪಾಠ ಆಗಿದೆ. ನೀನು ಹೇಳ್ತೀಯೋ, ನಾನು ಹೇಳ್ಲೋ?"

ಶೆಡ್ಡಿನ ಬಾಗಿಲಲ್ಲಿ ಅಣ್ಣ ಬಿದ್ದು ಬಿದ್ದು ನಕ್ಕ.

ಬೇಕರಿಯವನು ಕಿವಿಯವರೆಗೂ ಕೆಂಪಾದ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಗ್ರೀಸ್ ಮೆತ್ತಿದ ಅವಳ ಕೈಯನ್ನು ಹಾಗೆಯೇ ಹಿಡಿದುಕೊಂಡ.

"ಬಾಯಿಪಾಠ ಮರೆತುಹೋಯ್ತು," ಎಂದ. "ದಿನಾ ಬೆಳಿಗ್ಗೆ ಮೊದಲ ಬನ್ನು ಒಲೆಯಿಂದ ತೆಗೆಯೋವಾಗ ನಿಂಗೆ ಅಂತ ಎತ್ತಿಡ್ತೀನಿ. ಬದುಕಿರೋ ತನಕ ಎತ್ತಿಡಬೇಕು ಅಂತ ಆಸೆ. ಇಷ್ಟೇ ಗೊತ್ತಿರೋದು."

"ಇಷ್ಟು ಸಾಕು ಕಣೋ," ಎಂದಳು ಅವಳು.

ಅಪ್ಪ ವ್ಯಾನಿನಿಂದ ಇಳಿದು, ಅಣ್ಣನ ಹೆಗಲ ಮೇಲೆ ಕೈಹಾಕಿ ಅಂಗಡಿಯತ್ತ ನಡೆದರು. "ಇವತ್ತಿನ ಬ್ರೆಡ್ಡು ನೀವಿಬ್ಬರೇ ಹಂಚಿ ಬನ್ನಿ. ನಾನು ಈ ಹುಡುಗನಿಗೆ ತಾಳ ಕಲಿಸ್ತೀನಿ."

ಅವಳು ಕೈ ಒರೆಸಿಕೊಂಡು ವ್ಯಾನು ಹತ್ತಿದಳು. ಬೆನ್ನ ಹಿಂದೆ ತಾನೇ ಬಿಗಿದ ಪೆಟ್ಟಿಗೆ, ಟ್ರೇಗಳಿಂದ ಬಿಸಿ ಬ್ರೆಡ್ಡಿನ ಘಮ. ಅವನು ಹಾಡಿನ ಗುಂಡಿಗೆ ಕೈ ಚಾಚಿದ. ಅವಳು ಆ ಕೈಯನ್ನು ದಾರಿಯಲ್ಲೇ ಹಿಡಿದು ತನ್ನ ಮಡಿಲಿನಲ್ಲಿಟ್ಟುಕೊಂಡಳು.

"ಹಾಡು ಆಮೇಲೆ. ಈಗ ಮಾತಾಡು."

ಬ್ರೆಡ್ ಕೊಡಬೇಕಿದ್ದ ಮೊದಲ ಅಂಗಡಿ ದಾಟಿ ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.