ನುಂಗಿದ ನಾಣ್ಯ ಹೊಟ್ಟೆಯಲ್ಲಿಲ್ಲ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ದೂರು ಠಾಣೆಗೆ ಬಂತು. ತಂದವರು ಟೀ ಯಂತ್ರಗಳ ಕಂಪನಿಯ ಮ್ಯಾನೇಜರು. ಅವರ ಹಿಂದೆ, ಅತ್ತು ಕಣ್ಣು ಕೆಂಪಾದ ಒಬ್ಬ ಹೆಂಗಸು. ಕಳ್ಳಿಯನ್ನೂ ತಾವೇ ಕರೆತಂದರೆ ಪೊಲೀಸರ ಅರ್ಧ ಕೆಲಸ ಮುಗಿದಂತೆ ಎಂಬ ಠೀವಿ ಮ್ಯಾನೇಜರ ಮುಖದಲ್ಲಿತ್ತು.

ಇನ್ಸ್‌ಪೆಕ್ಟರಿಗೆ ಆ ವಾರ ಎದೆಯುರಿ. ಡಾಕ್ಟರು ಟೀ ಬಿಡಿಸಿದ್ದರು. ಟೀ ಬಿಟ್ಟವನ ಮುಂದೆ ಟೀ ಯಂತ್ರದ ಕೇಸೇ ಬರಬೇಕೇ!

"ಯಂತ್ರ ಎಲ್ಲಿದೆ?"

"ದೊಡ್ಡಾಸ್ಪತ್ರೇಲಿ ಸಾರ್. ವಾರ್ಡಿನ ಮುಂದೆ ರೋಗಿಗಳ ಕಡೆಯೋರು ಕೂರೋ ಹಾಲ್ ಇದೆಯಲ್ಲ, ಅಲ್ಲಿ. ಕರೆಂಟು ಗಿರೆಂಟು ಏನೂ ಬೇಡ. ನಾಣ್ಯ ಹಾಕಿ ಹಿಡಿ ತಿರುಗಿಸಿದ್ರೆ ಒಂದು ಲೋಟ ಟೀ."

"ಏನು ಕಳುವಾಗಿದೆ?"

"ನಾಣ್ಯ. ಯಂತ್ರ ಕಾಸು ನುಂಗುತ್ತೆ, ಟೀ ಕೊಡಲ್ಲ ಅಂತ ಜನ ದಿನಾ ಬಯ್ತಿದ್ದಾರೆ. ನುಂಗಿದ್ರೆ ಹೊಟ್ಟೇಲಿರಬೇಕಲ್ಲ ಸಾರ್? ಪೆಟ್ಟಿಗೆ ತೆಗೆದ್ರೆ, ಕೊಟ್ಟ ಟೀಗೆ ಸರಿಯಾಗಿ ಕಾಸಿರುತ್ತೆ. ನುಂಗಿದ್ದು ಮಾತ್ರ ಮಾಯ. ಪೆಟ್ಟಿಗೆ ಕೀಲಿ ಇದ್ದಿದ್ದು ಇವಳೊಬ್ಬಳ ಹತ್ರ, ಇವತ್ತು ಕಿತ್ಕೊಂಡೆ."

ಹೆಂಗಸು ಸೆರಗಿನ ತುದಿ ಬಿಟ್ಟು ತಲೆಯೆತ್ತಿದಳು. ಬೆಳಿಗ್ಗೆ ಯಂತ್ರದ ಡ್ರಮ್ಮಿಗೆ ಬಿಸಿ ಟೀ ತುಂಬುವುದು, ಸಂಜೆ ಕಾಸಿನ ಪೆಟ್ಟಿಗೆ ತೆಗೆದು ಆಫೀಸಿಗೆ ಒಪ್ಪಿಸುವುದು ಅವಳ ಕೆಲಸ. ಕಂಪನಿಯಲ್ಲಿ ಎಲ್ಲರೂ ಅವಳನ್ನು ಡ್ರಮ್ಮಿನವಳು ಎನ್ನುತ್ತಿದ್ದರು.

"ನಾನು ಒಂದು ಬಿಡಿಗಾಸು ಮುಟ್ಟಿಲ್ಲ ಸಾರ್. ಕಳ್ಳಿ ಅಂತ ಒಂದ್ಸಲ ಹೆಸರು ಬಂದ್ರೆ ಆಮೇಲೆ ಯಾರು ಕೈಗೆ ಕೀಲಿ ಕೊಡ್ತಾರೆ? ನನ್ನ ಮಗಳು ಸ್ಕೂಲಲ್ಲಿ ಏನಂತ ಅನ್ನಿಸ್ಕೋಬೇಕು?"

"ಶನಿವಾರದೊಳಗೆ ಬೇರೆ ಕಳ್ಳ ಸಿಗದಿದ್ರೆ ಇವಳನ್ನ ಕೆಲಸದಿಂದ ತೆಗೀತೀವಿ," ಎಂದರು ಮ್ಯಾನೇಜರು. "ನೀವು ಇವತ್ತೇ ಒಳಗೆ ಹಾಕಿದ್ರೆ ಇನ್ನೂ ಒಳ್ಳೇದು."

"ಯಾರನ್ನ ಒಳಗೆ ಹಾಕ್ಬೇಕು ಅಂತ ನಾನು ನೋಡ್ಕೋತೀನಿ. ನೀವು ಟೀ ಮಾರಿ," ಎಂದರು ಇನ್ಸ್‌ಪೆಕ್ಟರು. ಎಫ್‌ಐಆರ್ ಅಪರಿಚಿತರ ವಿರುದ್ಧ ದಾಖಲಾಯಿತು. ಮ್ಯಾನೇಜರ ಮುಖ ಇಂಗು ತಿಂದ ಮಂಗನಂತಾಯಿತು.

ಅದೇ ದಿನ ಸಂಜೆ ಇನ್ಸ್‌ಪೆಕ್ಟರು ಮಫ್ತಿಯಲ್ಲಿ ಆಸ್ಪತ್ರೆಗೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಮೂಗಿಗಿಂತ ಮೀಸೆ ಮೊದಲು ಕಾಣುತ್ತಿದ್ದುದರಿಂದ ಠಾಣೆಯವರೆಲ್ಲ ಅವರನ್ನು ಮೀಸೆ ಎಂದೇ ಕರೆಯುತ್ತಿದ್ದರು. ಹಾಲಿನಲ್ಲಿ ಉದ್ದನೆಯ ಬೆಂಚುಗಳು. ಮೂಲೆಯಲ್ಲಿ ಆಳೆತ್ತರದ ಹಸಿರು ಬಣ್ಣದ ಯಂತ್ರ. ಕಂಪನಿಯ ಮೆಕ್ಯಾನಿಕ್ಕು ಅದರ ಎದೆ ತೆರೆದು ತೋರಿಸಿದ.

"ಕಾಸು ಈ ಕಿಂಡೀಲಿ ಬೀಳುತ್ತೆ. ಇಳಿಜಾರಿನಲ್ಲಿ ಉರುಳಿ ಈ ಪುಟ್ಟ ತಕ್ಕಡಿಗೆ ಬರುತ್ತೆ. ತೂಕ ಸರಿ ಇದ್ರೆ ಪೆಟ್ಟಿಗೆಗೆ, ಹಿಡಿ ಸಡಿಲ ಆಗುತ್ತೆ. ಸವೆದ ಕಾಸಾದ್ರೆ ಈ ಕೊಳವೇಲಿ ಇಳಿದು ಕೆಳಗಿನ ಬಟ್ಟಲಿಗೆ ವಾಪಸ್."

"ಸವೆದ ಕಾಸು ಎಷ್ಟು ಜನ ಹಾಕ್ತಾರೆ?"

"ಎಲ್ಲರೂ ಹಾಕ್ತಾರೆ ಸಾರ್. ಈ ಯಂತ್ರಕ್ಕೆ ಮೂಗು ಸ್ವಲ್ಪ ಜೋರು. ಒಂಚೂರು ಸವೆದಿದ್ರೂ ಒಪ್ಪಲ್ಲ."

ಪೆಟ್ಟಿಗೆಯ ಬೀಗ, ಸೀಲು ಎರಡೂ ಸರಿಯಾಗಿದ್ದವು. ಮೀಸೆ ಬಗ್ಗಿ ಕೆಳಗಿನ ಬಟ್ಟಲಿಗೆ ಕೈಹಾಕಿ, ಬೆರಳು ಮೂಸಿ, "ಸಾರ್, ಇಂಜೆಕ್ಷನ್ ಚುಚ್ಚೋಕೆ ಮುಂಚೆ ಉಜ್ಜುತ್ತಾರಲ್ಲ, ಆ ವಾಸನೆ," ಎಂದರು.

ಸ್ಪಿರಿಟ್ಟು. ಉಳಿದ ಯಂತ್ರದ ಮೇಲೆಲ್ಲ ಸಾವಿರ ಬೆರಳಿನ ಜಿಡ್ಡು. ಬಟ್ಟಲೊಂದು ಮಾತ್ರ ಫಳಫಳ. ಗುಡಿಸುವವರನ್ನು ಕೇಳಿದರೆ, "ನೆಲ ಒರೆಸೋದಕ್ಕೇ ಪುರುಸೊತ್ತಿಲ್ಲ ಸ್ವಾಮಿ, ಬಟ್ಟಲು ಯಾರು ತೊಳೀತಾರೆ!" ಎಂದುಬಿಟ್ಟರು.

ಅಷ್ಟರಲ್ಲಿ ಡ್ರಮ್ಮಿನವಳು ಬಂದು ಖಾಲಿ ಡ್ರಮ್ಮು ತೊಳೆಯತೊಡಗಿದಳು. ಬೆಂಚಿನ ತುದಿಯಲ್ಲಿ ಕೂತಿದ್ದ ಒಬ್ಬ ಮುದುಕಿ, "ಯಾಕೇ ಮಗಳೇ, ಮುಖ ಬಾಡಿದೆ?" ಎಂದು ಕೇಳಿದಳು.

"ತಲೆನೋವು ಅಮ್ಮ," ಎಂದು ಅವಳು ಅತ್ತ ತಿರುಗಿಕೊಂಡಳು. ಕಳ್ಳತನದ ಅಪವಾದವನ್ನು ಯಾರ ಮುಂದೆ ತಾನೇ ಹೇಳಿಕೊಳ್ಳುವುದು?

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಇನ್ಸ್‌ಪೆಕ್ಟರು ರೋಗಿಯ ಕಡೆಯವರಂತೆ ಬೆಂಚಿನ ಮೇಲೆ ಕೂತರು. ಟೀ ವಾಸನೆ ಬಂದಾಗಲೆಲ್ಲ ಮುಖ ಕಿವುಚಿಕೊಂಡರು. ಹತ್ತರ ಸುಮಾರಿಗೆ ಒಬ್ಬ ಕಾಸು ಹಾಕಿದ. ಟೀ ಬರಲಿಲ್ಲ, ಕಾಸೂ ಬರಲಿಲ್ಲ. ಯಂತ್ರಕ್ಕೆ ಎರಡು ಗುದ್ದಿ, "ಇದರ ಮನೆ ಹಾಳಾಗ!" ಎಂದು ಬಯ್ದ.

"ಬಿಡಪ್ಪ, ಅದಕ್ಕೆ ಹೊಡೆದ್ರೆ ನಿನ್ನ ಕೈಯೇ ನೋಯೋದು," ಎಂಬ ದನಿ ಕೇಳಿತು. ನಿನ್ನೆಯ ಮುದುಕಿ. ಒಂದು ಕಾಲು ಎಳೆದು ನಡೆಯುತ್ತಿದ್ದಳು, ಕೈಯಲ್ಲಿ ದೊಡ್ಡ ಫ್ಲಾಸ್ಕು. "ಬಾ, ಅದು ನುಂಗಿದ್ದನ್ನ ನಾನು ಕೊಡ್ತೀನಿ. ಯಾರನ್ನ ಸೇರಿಸಿದ್ದೀಯ?"

"ಹೆಂಡತೀನ," ಎಂದ ಅವನು. ಹೇಳುತ್ತ ವಾರ್ಡಿನ ಬಾಗಿಲ ಕಡೆಯೇ ನೋಡಿದ. ಮುದುಕಿ ಲೋಟ ತುಂಬಿಸಿ ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ಕೂತಳು. ಎರಡನೆಯ ಲೋಟದ ಹೊತ್ತಿಗೆ ಅವನು ಮಗುವಿಗೆ ಏನು ಹೆಸರಿಡಬೇಕೆಂದು ಅವಳನ್ನೇ ಕೇಳುತ್ತಿದ್ದ.

ಹಾಲಿನಲ್ಲಿ ಅವಳನ್ನು ಫ್ಲಾಸ್ಕಮ್ಮ ಎನ್ನದವರಿಲ್ಲ. ಯಂತ್ರ ಯಾರ ಕಾಸು ನುಂಗಿದರೂ ಅವರಿಗೆ ಅವಳ ಟೀ. ಒಂದು ಕಾಸೂ ಮುಟ್ಟುವುದಿಲ್ಲ. ಇಂಥವರು ಇದ್ದಾರೆಂದೇ ಲೋಕ ನಡೆಯುತ್ತಿದೆ ಎಂದುಕೊಂಡ ಇನ್ಸ್‌ಪೆಕ್ಟರು ಜೇಬಿನಿಂದ ಸವೆದ ಕಾಸೊಂದನ್ನು ತೆಗೆದು ತಾವೇ ಹಾಕಿದರು. ಅದೂ ವಾಪಸು ಬರಲಿಲ್ಲ. ಬಟ್ಟಲಿಗೆ ಬೆರಳು ತೂರಿಸಿ ಮೇಲಕ್ಕೆ ಒತ್ತಿದರು. ಕೊಳವೆಯ ಬಾಯಲ್ಲಿ ಮೆತ್ತಗೆ ಏನೋ ತಗುಲಿತು. ಹತ್ತಿಯೋ ಬಟ್ಟೆಯೋ.

ಗುಟ್ಟು ರಟ್ಟಾಯಿತು. ವಾಪಸು ಬರಬೇಕಾದ ಕಾಸೆಲ್ಲ ಈ ಬಿರಡೆಯ ಮೇಲೆ ಕೂತಿದೆ. ಪೆಟ್ಟಿಗೆಯೊಳಗೆ ಹೋಗಿಯೇ ಇಲ್ಲ. ಡ್ರಮ್ಮಿನವಳಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಬಿರಡೆ ಎಳೆಯುವವರು ಯಾರು? ಇನ್ಸ್‌ಪೆಕ್ಟರು ಅದನ್ನು ಹಾಗೇ ಬಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು.

ಫ್ಲಾಸ್ಕಮ್ಮ ಬಂದು ಪಕ್ಕದಲ್ಲಿ ಕೂತಳು. "ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಟೀ ಕಂಡ್ರೆ ಮುಖ ಹಿಂಡ್ತೀರ. ಎದೆಯುರಿ ಅಲ್ವಾ? ತಗೊಳ್ಳಿ, ಬಿಸಿನೀರು. ಯಾರನ್ನ ಸೇರಿಸಿದ್ದೀರಿ?"

"ಅಣ್ಣನ್ನ," ಎಂದರು ಇನ್ಸ್‌ಪೆಕ್ಟರು. ಅವರಿಗೆ ಅಣ್ಣನೇ ಇರಲಿಲ್ಲ. "ಜ್ವರ. ಇಳೀತಾ ಇಲ್ಲ."

"ಇಳಿಯುತ್ತೆ ಕಣಪ್ಪ. ಈ ವಾರ್ಡಿನ ಡಾಕ್ಟ್ರು ಸಿಡುಕ, ಆದ್ರೆ ಕೈಗುಣ ಒಳ್ಳೇದು. ನೀವು ಹೀಗೆ ಹಸಿದುಕೊಂಡು ಕೂತ್ರೆ ಅಣ್ಣನಿಗೇನು ಲಾಭ?" ಇನ್ನೊಂದು ಲೋಟ ಬಿಸಿನೀರು ಬಗ್ಗಿಸಿದಳು. ಮತ್ತೊಂದು. ಸುಳ್ಳು ಹೇಳಿ ಉಪಚಾರ ಮಾಡಿಸಿಕೊಳ್ಳಲು ಇನ್ಸ್‌ಪೆಕ್ಟರಿಗೆ ನಾಚಿಕೆಯಾಯಿತು. ಆದರೂ ಕುಡಿದರು.

ಅಷ್ಟು ನೀರು ಕುಡಿದವರಿಗೆ ಎಷ್ಟು ಹೊತ್ತು ಕೂರಲಾದೀತು? ಮೀಸೆ ಊಟಕ್ಕೆ, ಉಳಿದವರು ಭೇಟಿಯ ಹೊತ್ತೆಂದು ವಾರ್ಡಿನೊಳಗೆ ಹೋಗಿದ್ದರು. ಇನ್ಸ್‌ಪೆಕ್ಟರು ಕಾಲು ಅಲ್ಲಾಡಿಸುತ್ತ ತಡೆದು, ತಡೆದು, ಕೊನೆಗೆ ಓಡಿದರು. ವಾಪಸು ಬಂದು ಬೆರಳಿಟ್ಟರೆ ಕೊಳವೆ ಖಾಲಿ. ಬಟ್ಟಲಿನಲ್ಲಿ ತಾಜಾ ಸ್ಪಿರಿಟ್ಟಿನ ವಾಸನೆ.

ಊಟ ಮುಗಿಸಿ ಬಂದ ಮೀಸೆ ಬೆಂಚಿನಡಿ, ಕಸದ ಡಬ್ಬಿ, ಮೆಟ್ಟಿಲು ಎಲ್ಲ ತಡಕಿ ಕೈಚೆಲ್ಲಿದರು. ಇನ್ಸ್‌ಪೆಕ್ಟರು ಮಾತ್ರ ವಾರ್ಡಿನ ಬಾಗಿಲಲ್ಲಿದ್ದ, ಕಾಲಿನಲ್ಲಿ ಒತ್ತಿ ಮುಚ್ಚಳ ತೆಗೆಯುವ ಡಬ್ಬಿಯ ಮುಂದೆ ನಿಂತರು. ಗಾಯದ ಬಟ್ಟೆ ಹಾಕುವ ಡಬ್ಬಿ. ಒತ್ತಿದರು. ರಕ್ತ, ಔಷಧಿ ಮೆತ್ತಿದ ಬಟ್ಟೆಗಳ ಮೇಲೆ ಗಾಯವನ್ನೇ ಕಾಣದ ಒಂದು ಬಿಳಿ ಸುರುಳಿ. ಅದರ ಮೇಲೆ ಕಾಸಿನ ಅಂಚಿನ ಕಪ್ಪು ಗುರುತು.

ಅದನ್ನು ಹೆಡ್ ನರ್ಸಿಗೆ ತೋರಿಸಿದರು.

"ಇದು ಯಾರ ಕೈಕೆಲಸ ಸಿಸ್ಟರ್?"

"ಅಯ್ಯೋ, ಇದು ನಮ್ಮ ಹಳೇ ಕಾಲದ ಸುತ್ತು!" ಸಿಸ್ಟರ್ ಮುಖ ಅರಳಿತು. "ತುದಿ ತ್ರಿಕೋನ ಮಡಚಿ ಒಳಗೆ ಸಿಕ್ಕಿಸಿರೋದು ನೋಡಿ. ಈಗೆಲ್ಲ ರೆಡಿಮೇಡ್ ಬರುತ್ತೆ, ಯಾರು ಸುತ್ತುತ್ತಾರೆ? ನಾನು ಹೊಸದಾಗಿ ಸೇರಿದಾಗ ನಮ್ಮ ಫ್ಲಾಸ್ಕಮ್ಮನೇ ಕೈಹಿಡಿದು ಕಲಿಸಿದ್ದು. ಆಗ ಅವರು ಇಲ್ಲಿ ಆಯಾ ಆಗಿದ್ರು. ಒಂದು ಸಲ ಬಳಸಿದ ಬಟ್ಟೆ ಇನ್ನೊಂದು ಸಲ ಮುಟ್ಟಿದ್ರೆ ಕೈಮೇಲೆ ಹೊಡೀತಿದ್ರು..." ಸಿಸ್ಟರ್ ನಾಲಿಗೆ ಕಚ್ಚಿಕೊಂಡರು. "ಯಾಕೆ ಕೇಳ್ತಿದ್ದೀರಿ?"

ಇನ್ಸ್‌ಪೆಕ್ಟರು ಸುರುಳಿಯನ್ನು ಕಾಗದದಲ್ಲಿ ಮಡಚಿಟ್ಟರು. ಮುದುಕಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದರೆ ಯಾವ ಪೊಲೀಸಿನವನಿಗೂ ಸಾಕ್ಷಿ ಸಿಗುತ್ತಿರಲಿಲ್ಲ. ಆದರೆ ದಿನಕ್ಕೊಂದು ಹೊಸ ಸುರುಳಿ, ಹಳೆಯದು ಮುಚ್ಚಳದ ಡಬ್ಬಿಗೆ, ಬಟ್ಟಲಿಗೆ ಸ್ಪಿರಿಟ್ಟು! ಕಳ್ಳತನವನ್ನೂ ಇಷ್ಟು ಶುಚಿಯಾಗಿ ಮಾಡುವವರು ಇನ್ನೆಲ್ಲಿ ಸಿಗುತ್ತಾರೆ? ಆ ಸಂಜೆ ಅವರಿಗೆ ಊಟ ಸೇರಲಿಲ್ಲ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಭೇಟಿಯ ಗಂಟೆ ಹೊಡೆಯಿತು. ಹಾಲಿನಲ್ಲಿದ್ದವರೆಲ್ಲ ವಾರ್ಡಿನೊಳಗೆ ಹೋದರು. ಕಂಬದ ಮರೆಯಲ್ಲಿ, ಇವತ್ತು ಸಮವಸ್ತ್ರದಲ್ಲೇ, ಇನ್ಸ್‌ಪೆಕ್ಟರು, ಮೀಸೆ ಮತ್ತು ಒಬ್ಬ ಮಹಿಳಾ ಪೇದೆ. ಫ್ಲಾಸ್ಕಮ್ಮ ಯಂತ್ರದ ಮುಂದೆ ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತಳು. ಚೀಲದಿಂದ ಚಿಮಟ ತೆಗೆದು ಸುರುಳಿಯನ್ನು ಎಳೆದಳು. ಕಾಸುಗಳು ಬಟ್ಟಲಿಗೆ ಉದುರಿದವು. ಅವನ್ನು ಬಾಚಿ ಚೀಲಕ್ಕೆ ಹಾಕಿ, ಸ್ಪಿರಿಟ್ಟಿನ ಹತ್ತಿಯಿಂದ ಬಟ್ಟಲನ್ನು ಮೂಲೆಮೂಲೆಯೂ ಒರೆಸಿದಳು.

"ಅಮ್ಮ, ಏಳಿ," ಎಂದರು ಇನ್ಸ್‌ಪೆಕ್ಟರು ಮೆಲ್ಲಗೆ.

ಅವಳು ತಿರುಗಿ ನೋಡಿದಳು. ಸಮವಸ್ತ್ರ ನೋಡಿದಳು. ಬೆಚ್ಚಲಿಲ್ಲ. "ಸ್ವಲ್ಪ ಕೈ ಕೊಡಪ್ಪ, ಕಾಲು ಹಿಡ್ಕೊಂಡಿದೆ," ಎಂದಳು.

ಸಿಸ್ಟರ್ ಮತ್ತು ಮೆಕ್ಯಾನಿಕ್ಕಿನ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಫ್ಲಾಸ್ಕು, ಲೋಟಗಳು, ಚಿಮಟ, ಸುತ್ತಿಟ್ಟ ಬಟ್ಟೆಗಳು, ಒಂದು ಹಿಡಿ ಸವೆದ ಕಾಸು. ಸಹಿ ಹಾಕುವಾಗ ಸಿಸ್ಟರ್ ಮೂಗು ಒರೆಸಿಕೊಂಡರು. ಇನ್ಸ್‌ಪೆಕ್ಟರು ಹೇಳಿದಂತೆ ಮೆಕ್ಯಾನಿಕ್ಕು ಕೊಳವೆಯ ಬಾಯಿಗೆ ಕೆಳಮುಖವಾಗಿ ಬಾಗುವ ತಗಡೊಂದನ್ನು ಕೂರಿಸಿದ. ಕಾಸು ಕೆಳಗಿಳಿಯಬಹುದು, ಬೆರಳು ಮೇಲೆ ಹೋಗದು. ಯಂತ್ರ ಬಂದ ದಿನವೇ ಕೂರಿಸಬಹುದಾಗಿದ್ದ ತಗಡು. ಕಾಲು ಗಂಟೆಯ ಕೆಲಸ.

ಠಾಣೆಯಲ್ಲಿ ಹೇಳಿಕೆ.

"ಕಾಸು ಕದ್ದಿದ್ದು ಒಪ್ತೀರಾ?"

"ಕದ್ದಿಲ್ಲಪ್ಪ. ಅವರು ಕಾಸು ಹಾಕಿದ್ರು, ಟೀ ಕುಡಿದ್ರು. ಟೀ ಯಂತ್ರದ್ದಲ್ಲ, ನಂದು. ಅಷ್ಟೇ."

"ನೇರವಾಗಿ ಮಾರಬಹುದಿತ್ತಲ್ಲ?"

"ಮಾರೋಕೆ ಅಪ್ಪಣೆ ಇಲ್ಲ. ಬಿಟ್ಟಿ ಕೊಡೋಣ ಅಂದ್ರೆ ಹಾಲಿಗೆ, ಸಕ್ಕರೆಗೆ ಎಲ್ಲಿಂದ ತರಲಿ? ವಾರ್ಡಲ್ಲಿ ಜಾರಿ ಬಿದ್ದು ಕಾಲು ಊನ ಆದ್ಮೇಲೆ ಆಸ್ಪತ್ರೆಯೋರೇ ಅಲ್ಲಿ ಟೀ ಅಂಗಡಿ ಇಟ್ಟುಕೊಟ್ಟಿದ್ರು. ಆಮೇಲೆ ಈ ಯಂತ್ರ ತಂದ್ರು. ಅಮ್ಮಾ, ನೀವಿನ್ನು ಮನೇಲಿ ಆರಾಮಾಗಿರಿ ಅಂದ್ರು."

"ಮನೇಲಿ ಯಾರಿದ್ದಾರೆ?"

"ಒಂದು ಗಡಿಯಾರ ಇದೆ," ಎಂದಳು ಫ್ಲಾಸ್ಕಮ್ಮ.

ಮೀಸೆ ಬರೆಯುವುದನ್ನು ನಿಲ್ಲಿಸಿದರು.

"ಆ ಯಂತ್ರ ಟೀ ಏನೋ ಕೊಡುತ್ತೆ. ನಿಮ್ಮೋರು ಹೇಗಿದ್ದಾರೆ ಅಂತ ಕೇಳುತ್ತಾ? ಅಲ್ಲಿ ಕೂತೋರಿಗೆ ಯಾರಾದ್ರೂ ಕೇಳಬೇಕು ಕಣಪ್ಪ. ನನಗೂ ಯಾರನ್ನಾದ್ರೂ ಕೇಳಬೇಕು."

"ಅಮ್ಮ, ಆ ಕಾಸಿಗೋಸ್ಕರ ಡ್ರಮ್ಮಿನವಳನ್ನ ಜೈಲಿಗೆ ಹಾಕಿ ಅಂತ ಕಂಪನಿಯೋರು ಇಲ್ಲಿಗೆ ಎಳ್ಕೊಂಡು ಬಂದಿದ್ರು. ಗೊತ್ತಾ?"

ಗೊತ್ತಿರಲಿಲ್ಲ. ಅದು ಅವಳ ಮುಖದಲ್ಲೇ ಕಂಡಿತು. ಇಷ್ಟು ಹೊತ್ತು ನೆಟ್ಟಗೆ ಕೂತಿದ್ದ ಮುದುಕಿ ಕುಸಿದಳು. "ನನ್ನ ಮಗಳನ್ನಾ? ಅಯ್ಯೋ, ತಲೆನೋವು ಅಂದಳಲ್ಲ ಅವತ್ತು..." ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ಕದ್ದಿದ್ದೀನಿ ಅಂತ ಬರ್ಕೊಳ್ಳಿ. ಎಲ್ಲ ನಾನೇ ಅಂತ ದೊಡ್ಡದಾಗಿ ಬರ್ಕೊಳ್ಳಿ."

ಬಂಧನ ದಾಖಲಾಯಿತು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧ. ಆದರೆ ಜಾಮೀನಿಗೆ ನಿಲ್ಲುವವರು ಯಾರು ಎಂದರೆ ಮುದುಕಿ ತಲೆ ಅಲ್ಲಾಡಿಸಿದಳು.

ಸಂಜೆ ಆರಕ್ಕೆ ಡ್ರಮ್ಮಿನವಳು ಧಡಧಡ ಒಳಗೆ ಬಂದಳು. ಸೊಂಟದಲ್ಲಿ ವಾಪಸು ಸಿಕ್ಕ ಕೀಲಿಗೊಂಚಲು.

"ಏನಮ್ಮ ನಿಮಗೆ ಬುದ್ಧಿ ಇದೆಯಾ?" ಎಂದು ಮುದುಕಿಯ ಮುಂದೆ ನಿಂತಳು. "ದಿನಾ ಬೆಳಿಗ್ಗೆ ನನಗೆ ಟೀ ಕೊಟ್ಟು, ನನ್ನ ಯಂತ್ರಕ್ಕೇ ಬಟ್ಟೆ ತುರುಕ್ತೀರಾ? ಮೂರು ದಿನ ಮನೇಲಿ ತಲೆ ಎತ್ತಲಿಲ್ಲ ನಾನು! ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?" ಬಯ್ದಳು, ಬಯ್ದಳು, ಉಸಿರು ಕಟ್ಟುವವರೆಗೂ ಬಯ್ದಳು. ಫ್ಲಾಸ್ಕಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಡ್ರಮ್ಮಿನವಳು ಕಣ್ಣೊರೆಸಿಕೊಂಡು ಮೇಜಿನತ್ತ ತಿರುಗಿದಳು. "ಎಲ್ಲಿ ಸಹಿ ಹಾಕ್ಬೇಕು ಸಾರ್? ಜಾಮೀನಿಗೆ ನಾನಿದ್ದೀನಿ."

ಸಹಿಯಾಯಿತು. ಅವಳು ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿದಳು. "ನಡೀರಿ. ಗಡಿಯಾರ ಒಂದಿನ ಒಂಟಿಯಾಗಿರಲಿ. ಇವತ್ತು ನಮ್ಮನೇಲಿ ಊಟ."

ಬಾಗಿಲವರೆಗೆ ಹೋದ ಫ್ಲಾಸ್ಕಮ್ಮ ನಿಂತಳು. ಏನೋ ಮರೆತವಳಂತೆ ಕಾಲೆಳೆಯುತ್ತ ಇನ್ಸ್‌ಪೆಕ್ಟರ ಮೇಜಿನ ಹತ್ತಿರ ವಾಪಸು ಬಂದಳು.

"ಈ ಗಲಾಟೇಲಿ ಕೇಳೋದೇ ಮರೆತೆ ನೋಡಪ್ಪ. ನಿಮ್ಮಣ್ಣನ ಜ್ವರ ಇಳೀತಾ?"

ಮೀಸೆ ಗೋಡೆಯ ಕಡೆ ನೋಡಿದರು. ಇನ್ಸ್‌ಪೆಕ್ಟರು ಎದ್ದು ನಿಂತರು.

"ಇಳೀತಮ್ಮ," ಎಂದರು. "ಇವತ್ತು ಬೆಳಿಗ್ಗೆ ಇಳೀತು."

"ನಾನು ಹೇಳಲಿಲ್ವಾ," ಎಂದು ಅವಳು ಸಮಾಧಾನದಿಂದ ಹೊರಟಳು.